ಎ.ಸಿ.ಗೆ ಮುನ್ನ ಚಾವಣಿ: ಬೀದರ್ ಬಿಸಿಲಿನಲ್ಲಿ ಬಸದಿ ಭವನಗಳ ಲೆಕ್ಕ

ಬೀದರ್ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಕಮಠಾಣದ ಪ್ರಾಚೀನ ಪಾರ್ಶ್ವನಾಥ ಬಸದಿಗೆ ಬರುವ ಯಾತ್ರಿಕರಿಗಾಗಲಿ, ಭಾಲ್ಕಿ, ಔರಾದ್ ಕಡೆಯ ಶ್ರಾವಕರಿಗಾಗಲಿ ತಂಪಾದ ತಂಗುದಾಣ ಬೇಕೇ ಬೇಕು. ರಾಜ್ಯದ ಯಾವ ಕ್ಷೇತ್ರದಲ್ಲೇ ಆಗಲಿ, ಸಮುದಾಯ ಭವನದ ಮಾತು ಬಂದರೆ ‘ಎ.ಸಿ. ಹಾಲ್ ಆಗಲಿ’ ಎಂಬ ಸಲಹೆ ಬೇಗ ಬರುತ್ತದೆ. ಎ.ಸಿ. ಕೊಡಿಸುವ ದಾನಿಗಳು ಸಿಗುತ್ತಾರೆ. ತಿಂಗಳ ವಿದ್ಯುತ್ ಬಿಲ್ಲಿಗೆ ಸಿಗುವುದು ಕಷ್ಟ. ಸಮಾಜದ ಮನೆಗಳು ಕಡಿಮೆ ಇರುವ ಊರಿನಲ್ಲಿ ಆ ಹೊರೆ ಕೆಲವೇ ಕುಟುಂಬಗಳ ಮೇಲೆ ಬೀಳುತ್ತದೆ.

ಲೆಕ್ಕ ಸರಳ. ಒಂದೂವರೆ ಟನ್ನಿನ 10 ಎ.ಸಿ.ಗಳು ಪೂರ್ಣ ಹೊರೆಯಲ್ಲಿ 8 ಗಂಟೆ ನಡೆದರೆ ಸುಮಾರು 120 ಯೂನಿಟ್. ತಲಾ 30 ವ್ಯಾಟ್‌ನ 40 ಬಿಎಲ್‌ಡಿಸಿ ಫ್ಯಾನುಗಳಿಗೆ ಅಷ್ಟೇ ಹೊತ್ತಿಗೆ 10 ಯೂನಿಟ್‌ಗಿಂತ ಕಡಿಮೆ. ಆದರೆ ಚಾವಣಿ ಕಾದ ಹೆಂಚಿನಂತಿದ್ದರೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಆದ್ದರಿಂದ ಪ್ರಶ್ನೆ ಯಂತ್ರದ್ದಲ್ಲ, ಕಟ್ಟಡದ್ದು.

ಹಸಿರು ಕಟ್ಟಡ ಪ್ರಮಾಣಪತ್ರ ನೋಡುವುದೂ ಇದನ್ನೇ. 2001ರಲ್ಲಿ ಆರಂಭವಾದ ಭಾರತೀಯ ಹಸಿರು ಕಟ್ಟಡ ಮಂಡಳಿಯ (ಐಜಿಬಿಸಿ) ಹಾಗೂ ‘ಗೃಹ’ ಪದ್ಧತಿಯ ಮಾನದಂಡಗಳು ವಿದ್ಯುತ್, ನೀರು, ಸಾಮಗ್ರಿ, ಒಳಗಾಳಿ ಎಲ್ಲಕ್ಕೂ ಅಂಕ ಕೊಡುತ್ತವೆ. ಪೂಜಾಸ್ಥಳಗಳಿಗೆಂದೇ ಐಜಿಬಿಸಿ ಪ್ರತ್ಯೇಕ ಮಾನದಂಡ ರೂಪಿಸಿದೆ. ಬೀದರಿಗೆ ಹತ್ತಿರದ ಹೈದರಾಬಾದಿನಲ್ಲೇ ಉದಾಹರಣೆಯಿದೆ. ಅಲ್ಲಿನ ಸಿಐಐ–ಸೊರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರವನ್ನು 2004ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು. ಅಲ್ಲಿ ಗಾಳಿಗೋಪುರಗಳು ಹೊರಗಾಳಿಯನ್ನು ಮೊದಲೇ ತಂಪು ಮಾಡಿ ಎ.ಸಿ.ಗೆ ಕಳುಹಿಸುತ್ತವೆ, ಜಾಲಂಧ್ರದ ಗೋಡೆಗಳು ಬಿಸಿಲು ತಡೆದು ಬೆಳಕು ಬಿಡುತ್ತವೆ. ಅಲ್ಲಿ ಎ.ಸಿ. ಇದೆ, ಆದರೆ ಅದರ ಕೆಲಸ ಕಡಿಮೆಯಾಗಿದೆ.

ಜೈನ ಸಮಾಜಕ್ಕೆ ಇನ್ನೊಂದು ಕಾರಣವೂ ಇದೆ. ದಿಗಂಬರ ಮುನಿಗಳು ಫ್ಯಾನು, ಎ.ಸಿ. ಬಳಸುವುದಿಲ್ಲ. ವಿಹಾರದಲ್ಲಿ ಬಂದವರಿಗೆ, ಚಾತುರ್ಮಾಸದ ನಾಲ್ಕು ತಿಂಗಳು ತಂಗುವವರಿಗೆ ಕೋಣೆ ವಿದ್ಯುತ್ತಿಲ್ಲದೆಯೇ ವಾಸಯೋಗ್ಯವಾಗಿರಬೇಕು. ಮುನಿನಿವಾಸಕ್ಕೆ ಒಪ್ಪುವ ಕಟ್ಟಡ ಶ್ರಾವಕರಿಗೂ ಒಪ್ಪುತ್ತದೆ. ನೀರಿನ ಕೂಲರ್ ಒಣಬೇಸಿಗೆಯಲ್ಲಿ ಕೆಲಸ ಮಾಡೀತು, ಮಳೆಗಾಲದಲ್ಲಿ ಅಲ್ಲ. ನಿಂತ ನೀರಿನಲ್ಲಿ ಹುಳು ಹುಟ್ಟುವುದರಿಂದ ಅಹಿಂಸೆಯ ದೃಷ್ಟಿಯಿಂದಲೂ ಎಚ್ಚರ ಬೇಕು.

ಕಾನೂನಿನ ಒತ್ತಡ ಸಣ್ಣ ಭವನಗಳ ಮೇಲಿಲ್ಲ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಮುಖ್ಯವಾಗಿ 100 ಕಿಲೋವ್ಯಾಟ್ ಅಥವಾ ಹೆಚ್ಚಿನ ಸಂಪರ್ಕ ಹೊರೆಯ ಕಟ್ಟಡಗಳಿಗೆ. ಪ್ರಮಾಣಪತ್ರಕ್ಕೆ ಶುಲ್ಕ, ದಾಖಲೆ, ತಜ್ಞರ ನೆರವು ಬೇಕು. ದೊಡ್ಡ ಯಾತ್ರಿ ನಿವಾಸಕ್ಕೆ ಅದು ಸರಿ. ಸಣ್ಣ ಟ್ರಸ್ಟುಗಳು ಫಲಕ ಬಿಟ್ಟು ವಿಧಾನವನ್ನಷ್ಟೇ ತೆಗೆದುಕೊಂಡರೂ ಸಾಕು.

ಹೊಸ ಭವನದ ನಕ್ಷೆ ಒಪ್ಪುವ ಮುನ್ನ ಸಮಿತಿಗಳು ಇವನ್ನು ಕೇಳಲಿ: ಚಾವಣಿಗೆ ಬಿಳಿ ಲೇಪ ಅಥವಾ ಶಾಖ ತಡೆಯುವ ಪದರ ಇದೆಯೇ? ಪಶ್ಚಿಮದ ಗೋಡೆಗೆ ನೆರಳಿದೆಯೇ? ಎದುರುಬದುರು ಕಿಟಕಿಗಳಿವೆಯೇ? ರಾತ್ರಿಯ ತಂಪು ಒಳಗೆ ಬಂದು ಬಿಸಿ ಮೇಲಿಂದ ಹೊರಹೋಗಲು ದಾರಿಯಿದೆಯೇ? ಬೀದರಿನ ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ ಸಾಧ್ಯವೇ? ಇಷ್ಟಾದ ಮೇಲೂ ಎ.ಸಿ. ಬೇಕೆನಿಸಿದರೆ ಹೆಚ್ಚು ಸ್ಟಾರ್‌ನದನ್ನು ಆರಿಸಿ 24 ಡಿಗ್ರಿಗಿಂತ ಕೆಳಗಿಳಿಸದಿರಲಿ. ಹಳೆಯ ಬಸದಿಯ ಕಲ್ಲಿಗೆ ಮಾತ್ರ ಬಣ್ಣವಾಗಲಿ, ಕೊರೆತವಾಗಲಿ ಬೇಡ.

ದಾನ ಕೊಡುವವರು ಯಂತ್ರದ ಬದಲು ಚಾವಣಿಗೆ, ನೆರಳಿಗೆ ಹೆಸರು ಬರೆಸಿದರೆ ಮುಂದಿನ ಪೀಳಿಗೆಯ ಬಿಲ್ಲು ಹಗುರಾಗುತ್ತದೆ.