ಕಲಾವಿದನ ಕೈಗೆ ಲೇಖನಿ

ಕೃತಿಯೇ ಮಾತನಾಡಬೇಕಲ್ಲದೆ ಕರ್ತೃವು ಮಾತನಾಡಬಾರದು. ತನ್ನ ಕೆಲಸವನ್ನು ಕುರಿತು ತಾನೇ ಬರೆಯುವುದು ಆತ್ಮಪ್ರಶಂಸೆಯಾಗುವುದು ಎಂದು ನಮ್ಮಲ್ಲಿ ಅನೇಕ ಸಜ್ಜನರು ಭಾವಿಸಿರುವರು. ಈ ಅಭಿಪ್ರಾಯದಲ್ಲಿ ವಿನಯವುಂಟು, ವಿಚಾರವು ಸಾಲದು. ಇದರಿಂದ ನಾಡಿಗೆ ಆಗುತ್ತಿರುವ ನಷ್ಟವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

ಇದೇನೂ ಪರದೇಶದಿಂದ ಆಮದಾದ ಪದ್ಧತಿಯಲ್ಲ. ಪಂಪ ಮಹಾಕವಿಯು ತನ್ನ ಭಾರತದ ಕೊನೆಯಲ್ಲಿ ತನ್ನ ಕುಲವನ್ನೂ ತನ್ನ ಎರಡು ಕಾವ್ಯಗಳ ಉದ್ದೇಶವನ್ನೂ ನಿಸ್ಸಂಕೋಚವಾಗಿ ತಿಳಿಸಿರುವನು. ಹದಿನೇಳನೆಯ ಶತಮಾನದ ಜಗನ್ನಾಥ ಪಂಡಿತನು ‘ರಸಗಂಗಾಧರ’ವನ್ನು ಬರೆಯುವಾಗ ಉದಾಹರಣೆಗಳಿಗೆ ಪರರ ಪದ್ಯಗಳನ್ನು ಎರವಲು ತಾರದೆ, ಸ್ವಂತ ಪದ್ಯಗಳನ್ನೇ ಶಾಸ್ತ್ರದ ಒರೆಗಲ್ಲಿಗೆ ಹಚ್ಚಿದನು. ಕವಿಯೂ ವಿಮರ್ಶಕನೂ ಒಬ್ಬನೇ ಆಗಬಹುದೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಪಶ್ಚಿಮದ ಒಂದು ನಿದರ್ಶನವನ್ನೂ ನೋಡೋಣ. ಡಚ್ ಚಿತ್ರಕಾರ ವಿನ್ಸೆಂಟ್ ವಾನ್ ಗೋ ತನ್ನ ತಮ್ಮ ಥಿಯೋನಿಗೆ ನೂರಾರು ಪತ್ರಗಳನ್ನು ಬರೆದನು. ಯಾವ ಬಣ್ಣದ ಪಕ್ಕದಲ್ಲಿ ಯಾವುದನ್ನು ಇಟ್ಟನು, ಏಕೆ ಇಟ್ಟನು, ಎಲ್ಲಿ ಸೋತನು ಎಂಬುದೆಲ್ಲ ಅವುಗಳಲ್ಲಿದೆ. 1890ರಲ್ಲಿ ಅವನು ತೀರಿಕೊಂಡ ಬಳಿಕ, ಥಿಯೋನ ಪತ್ನಿ ಯೊಹಾನಾ 1914ರಲ್ಲಿ ಆ ಪತ್ರಗಳನ್ನು ಪ್ರಕಟಿಸಿದಳು. ಬುದ್ಧಿಭ್ರಮೆಗೆ ತುತ್ತಾದವನೆಂದಷ್ಟೇ ಜನರು ಬಲ್ಲ ಚಿತ್ರಕಾರನು ಎಂತಹ ವಿವೇಕದಿಂದ ದುಡಿದಿದ್ದನೆಂಬುದು ಅವುಗಳಿಂದ ವಿಶದವಾಯಿತು.

ನಮ್ಮಲ್ಲಿಯೂ ಬರೆದವರುಂಟು. ಶಿವರಾಮ ಕಾರಂತರು 1948ರಲ್ಲಿ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆಯಲ್ಲಿ ತಮ್ಮ ಪ್ರಯೋಗಗಳನ್ನೂ ಅವುಗಳಲ್ಲಿ ಕೈಸುಟ್ಟುಕೊಂಡುದನ್ನೂ ಮರೆಮಾಚದೆ ಹೇಳಿದರು. ಗುಬ್ಬಿ ವೀರಣ್ಣನವರು ‘ಕಲೆಯೇ ಕಾಯಕ’ವನ್ನೂ, ಮಲ್ಲಿಕಾರ್ಜುನ ಮನಸೂರರು ‘ನನ್ನ ರಸಯಾತ್ರೆ’ಯನ್ನೂ ಕನ್ನಡಕ್ಕೆ ಕೊಟ್ಟರು. ಮಂಜಿಖಾನ್, ಬುರ್ಜಿಖಾನ್ ಸಹೋದರರಲ್ಲಿ ಮನಸೂರರು ಪಡೆದ ವಿದ್ಯೆಯ ಕಥೆಯನ್ನು ಅವರಲ್ಲದೆ ಮತ್ತಾರು ಬರೆಯಬಲ್ಲವರಾಗಿದ್ದರು?

ಆದರೆ ಇವರು ಬೆರಳೆಣಿಕೆಯವರು. ಬರೆಯದೆ ಹೋದವರ ಸಂಖ್ಯೆ ಅಪಾರ. ತೊಗಲುಗೊಂಬೆಯಾಡಿಸುವವನ, ಭಾಗವತನ, ಶಿಲ್ಪಿಯ, ಬಂಗಾರದ ರೇಕಿನ ಮೈಸೂರು ಚಿತ್ರಗಳನ್ನು ಬರೆಯುವವನ ವಿದ್ಯೆಯು ಗುರುವಿನ ಬಾಯಿಂದ ಶಿಷ್ಯನ ಕೈಗೆ ಬಂದುದು. ಶಿಷ್ಯನು ದೊರೆಯದಿದ್ದಲ್ಲಿ ಅದು ಗುರುವಿನೊಡನೆಯೇ ಚಿತೆಗೇರುವುದು. ಉಳಿದ ಕೃತಿಯನ್ನು ವಸ್ತುಸಂಗ್ರಹಾಲಯವು ಕಾಯಬಲ್ಲುದು. ಅದನ್ನು ಮಾಡಿದ ಬುದ್ಧಿಯನ್ನು ಯಾವ ಸಂಗ್ರಹಾಲಯವೂ ಕಾಯಲಾರದು.

ಬರೆದರೆ ಸಾಲದು, ಪ್ರಾಮಾಣಿಕವಾಗಿ ಬರೆಯಬೇಕು. ಇಂದು ನಗರದ ಪ್ರದರ್ಶನಗಳಲ್ಲಿ ಚಿತ್ರದ ಬಳಿ ಕಲಾವಿದನ ಹೇಳಿಕೆಯನ್ನು ತೂಗುಹಾಕುವ ವಾಡಿಕೆ ಬಂದಿದೆ. ಅವುಗಳಲ್ಲಿ ಹಲವು ಇಂಗ್ಲಿಷಿನಲ್ಲಿರುವುವು, ಚಿತ್ರಕ್ಕಿಂತಲೂ ದುರ್ಬೋಧವಾಗಿರುವುವು. ಅದು ವಿಮರ್ಶೆಯಲ್ಲ, ಜಾಹೀರಾತು. ತನ್ನ ಸೋಲನ್ನು ಹೇಳಲಾರದವನ ಗೆಲುವಿನ ಮಾತನ್ನು ನಂಬುವವರಾರು?

ಆದುದರಿಂದ ನಮ್ಮ ಸೂಚನೆಗಳು ಮೂರು. ಕಲಾಶಾಲೆಗಳು ಪ್ರತಿ ವಿದ್ಯಾರ್ಥಿಯಿಂದ ಅವನ ಕೃತಿಯೊಡನೆ ತಿಳಿಗನ್ನಡದ ಒಂದು ಲೇಖನವನ್ನೂ ಬರೆಯಿಸಲಿ. ಅಕಾಡೆಮಿಗಳು ಅಕ್ಷರವರಿಯದ ವೃದ್ಧ ಕಲಾವಿದರ ಬಳಿಗೆ ಲಿಪಿಕಾರರನ್ನು ಕಳುಹಿಸಿ, ಅವರು ಹೇಳಿದುದನ್ನು ಅವರ ಹೆಸರಿನಲ್ಲಿಯೇ ಅಚ್ಚು ಹಾಕಿಸಲಿ. ವಾಚಕರಾದ ನಾವು ಅಂತಹ ಪುಸ್ತಕಗಳನ್ನು ಕೊಂಡು ಓದೋಣ. ಸನ್ಮಾನದ ಶಾಲು ಹಳೆಯದಾಗುವುದು. ಬರೆದಿಟ್ಟ ಅನುಭವವು ಮುಂದಿನ ತಲೆಯ ಕೈಹಿಡಿದು ನಡೆಸುವುದು. ಸಂಬಂಧಪಟ್ಟ ಅಧಿಕಾರಿಗಳು ತಡಮಾಡದಿರಲಿ. ವೃದ್ಧರ ಆಯುಸ್ಸು ಕಡತಗಳ ಚಲನೆಗಾಗಿ ಕಾಯುವುದಿಲ್ಲ.