ಮೊದಲು ವಾಲ್, ಆಮೇಲೆ ಫೋನ್

ನಮ್ಮ ವೀರನಹೊಸಹಳ್ಳಿಯ ಮನೆಯಲ್ಲಿ ಪೈಪ್ ಒಡೆದರೆ, ಹುಣಸೂರಿನಿಂದ ಪ್ಲಂಬರ್ ಬರುವಷ್ಟರಲ್ಲಿ ಟ್ಯಾಂಕ್ ಬರಿದಾಗಿರುತ್ತದೆ. ಲೆಕ್ಕ ಹಾಕಿ ಮಕ್ಕಳೇ: ನಿಮಿಷಕ್ಕೆ 10 ಲೀಟರ್ ಸೋರಿದರೆ 500 ಲೀಟರ್ ಟ್ಯಾಂಕಿಗೆ 50 ನಿಮಿಷ ಸಾಕು. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಒಂಬತ್ತು ಜನರ ನೀರು ಮಣ್ಣುಪಾಲು!

ಹಾಗಾಗಿ ಮೊದಲು ಟ್ಯಾಂಕಿನ ಬಳಿಯ ವಾಲ್ ಮುಚ್ಚಿ. ಚಕ್ರದಂಥ ಹಿಡಿಯಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಉದ್ದ ಹಿಡಿಯಾದರೆ ಪೈಪಿಗೆ ಅಡ್ಡಲಾಗಿ ನಿಲ್ಲಿಸಿ. ಮೋಟರ್, ಗೀಸರ್ ಸ್ವಿಚ್ಚನ್ನು ಒಣಗಿದ ಕೈಯಲ್ಲಿ ದೊಡ್ಡವರೇ ಆರಿಸಲಿ. ಬಿರುಕಿಗೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿದರೆ ಒಂದು ರಾತ್ರಿ ದೂಡಬಹುದು.

ಪ್ಲಂಬರನ್ನು ಕರೆಯುವ ಮುನ್ನ, ಅವರಿಂದ ಕೆಲಸ ಮಾಡಿಸಿಕೊಂಡ ಅಕ್ಕಪಕ್ಕದವರನ್ನು ಕೇಳಿ. ಕೂಲಿ ಎಷ್ಟು, ಸಾಮಾನಿಗೆ ಎಷ್ಟು ಎಂದು ಮೊದಲೇ ಮಾತಾಡಿ. ಸಾಮಾನಿಗೆ ಬಿಲ್ ಪಡೆಯಿರಿ. ಬಿಚ್ಚಿದ ಹಳೆಯ ವಾಷರ್ ತೋರಿಸಿ, ಯಾಕೆ ಸೋರಿತೆಂದು ತಾವಾಗಿ ವಿವರಿಸುವವರನ್ನು ನಾನು ನಂಬುತ್ತೇನೆ. ಕೆಲಸ ಮುಗಿದ ಮೇಲೆ ಜೋಡಣೆಯ ಕೆಳಗೆ ಒಣ ಕಾಗದ ಹಾಸಿ, ನೀರು ಬಿಡಿ. ಕಾಗದ ಒದ್ದೆಯಾಗದಿದ್ದರೆ ದುಡ್ಡು ಕೊಡಿ.

ಈ ಭಾನುವಾರ ನಿಮ್ಮ ಮನೆಯ ವಾಲ್ ಹುಡುಕಿ, ಕೆಂಪು ಬಣ್ಣ ಬಳಿಯಿರಿ. ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಇಲ್ಲದಿದ್ದರೆ ಬೇಕಾದ ಹೊತ್ತಿಗೇ ಬಿಗಿದುಕೊಂಡು ಕೂತಿರುತ್ತದೆ!