ಸೈಟಿನ ಮಾತು ಅದೇ ದಿನ ಕಡತಕ್ಕೆ ಬರಲಿ

ಗೋಡೆ ಎದ್ದ ಮೇಲೆ ಮನೆಯ ಮಾಲೀಕರು ಸ್ನಾನದ ಮನೆಯ ಬಾಗಿಲನ್ನು ಒಂದಡಿ ಈಚೆಗೆ ತರಲು ಕೇಳುತ್ತಾರೆ. ಆರ್ಕಿಟೆಕ್ಟ್ ಫೋನಿನಲ್ಲೇ ‘ಆಗಲಿ’ ಎನ್ನುತ್ತಾರೆ. ಮೇಸ್ತ್ರಿ ಗೋಡೆ ಒಡೆದಾಗ ಒಳಗಿದ್ದ ವಿದ್ಯುತ್ ಪೈಪು ಕಿತ್ತು ಬರುತ್ತದೆ, ಲಿಂಟಲ್ ಹೊಸದಾಗಿ ಹಾಕಬೇಕಾಗುತ್ತದೆ, ಬಡಗಿಯ ಕೆಲಸ ನಿಲ್ಲುತ್ತದೆ. ತಿಂಗಳುಗಳ ನಂತರ ಅಂತಿಮ ಬಿಲ್ಲಿನಲ್ಲಿ ಇದು ‘ಎಕ್ಸ್‌ಟ್ರಾ ಐಟಂ’ ಆಗಿ ಬಂದಾಗ, ಯಾರು ಹೇಳಿದ್ದು, ಎಷ್ಟಕ್ಕೆ ಒಪ್ಪಿದ್ದು ಎಂಬುದಕ್ಕೆ ಒಂದು ಸಾಲಿನ ದಾಖಲೆಯೂ ಇರುವುದಿಲ್ಲ. ಗುತ್ತಿಗೆ ನಿರ್ವಹಣೆ ಸಲೀಸಾಗಬೇಕೆಂದು ಬಯಸುವ ಆರ್ಕಿಟೆಕ್ಟ್ ಕಚೇರಿಗಳು ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಮೊದಲು ಈ ಒಂದು ಲೋಪವನ್ನು ಮುಚ್ಚಬೇಕು.

ಕಾನೂನು ಕೂಡ ಬರಹದ ಪರವಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಅವಧಿಯೇ ಮುಖ್ಯವೆಂದು ಒಪ್ಪಿದ ಕರಾರಿನಲ್ಲೂ ತಡವಾದ ಕೆಲಸವನ್ನು ಸ್ವೀಕರಿಸುವಾಗಲೇ ನೋಟಿಸ್ ಕೊಡದಿದ್ದರೆ, ಆ ವಿಳಂಬಕ್ಕೆ ಆಮೇಲೆ ಪರಿಹಾರ ಕೇಳುವಂತಿಲ್ಲ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ, ಆರ್ಕಿಟೆಕ್ಟರ ಹೊಣೆಯನ್ನು ಇನ್ನಷ್ಟು ಹೆಚ್ಚಿಸಿದೆ. ಬಿಲ್ಡರ್‌ಗಳ ಯೋಜನೆಗಳಲ್ಲಿ ಖರೀದಿದಾರರು ಕಟ್ಟಿದ ಹಣದ ಶೇ 70ರಷ್ಟು ಪ್ರತ್ಯೇಕ ಖಾತೆಯಲ್ಲಿರಬೇಕು. ಅದನ್ನು ತೆಗೆಯಲು ಎಂಜಿನಿಯರ್ ಮತ್ತು ಲೆಕ್ಕಪರಿಶೋಧಕರ ಜೊತೆ ಆರ್ಕಿಟೆಕ್ಟ್ ಕೂಡ ಪ್ರಮಾಣಪತ್ರ ಕೊಡಬೇಕು. ಮನೆ ಹಸ್ತಾಂತರವಾದ ಐದು ವರ್ಷದೊಳಗೆ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಅಂದು ಯಾವ ಡ್ರಾಯಿಂಗ್ ಆಧರಿಸಿ ಕಟ್ಟಲಾಯಿತು ಎಂಬ ಪ್ರಶ್ನೆ ಆರ್ಕಿಟೆಕ್ಟರ ಮೇಜಿಗೇ ಬರುತ್ತದೆ.

ಇದಕ್ಕೆ ಬೇಕಿರುವುದು ಪ್ರತಿ ಕಾಮಗಾರಿಗೆ ಒಂದೇ ರಿಜಿಸ್ಟರ್. ಕ್ರಮಸಂಖ್ಯೆ, ದಿನಾಂಕ, ಕೇಳಿದವರು, ಡ್ರಾಯಿಂಗಿನ ರಿವಿಷನ್ ಸಂಖ್ಯೆ, ತಗಲುವ ವೆಚ್ಚ, ಹೆಚ್ಚುವ ದಿನಗಳು, ಮಾಲೀಕರ ಸಹಿ ಅದರಲ್ಲಿದ್ದರೆ ಸಾಕು. ದರ ಒಪ್ಪಿದ ಮೇಲೆಯೇ ಹೆಚ್ಚುವರಿ ಕೆಲಸ ಶುರುವಾಗಬೇಕು. ರನ್ನಿಂಗ್ ಬಿಲ್ಲಿನ ಅಳತೆ ಆರ್ಕಿಟೆಕ್ಟ್ ಮತ್ತು ಗುತ್ತಿಗೆದಾರ ಇಬ್ಬರೂ ಸೈಟಿನಲ್ಲಿ ನಿಂತಾಗಲೇ ಆಗಬೇಕು, ಪರಿಶೀಲನೆಗೆ ಕರಾರಿನಲ್ಲೇ ಗಡುವಿರಬೇಕು. ಬಿಲ್ಲು ಮೇಜಿನ ಮೇಲೆ ಕೊಳೆತಷ್ಟು ದಿನ ಕೂಲಿಯವರ ಬಟವಾಡೆಯೂ ತಡವಾಗುತ್ತದೆ.

ನಾಲ್ಕೈದು ಜನರ ಕಚೇರಿಗೆ ಇದೆಲ್ಲ ಹೊರೆ, ಕೆಲಸವೂ ನಿಧಾನವಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ತುರ್ತು ಇದ್ದಾಗ ಮಾತಿನಲ್ಲೇ ಸೂಚನೆ ಕೊಡಲೇಬೇಕಾಗುತ್ತದೆ. ಕೊಡಲಿ, ಸಂಜೆಯೊಳಗೆ ಅದನ್ನು ಬರೆದು ಕಳಿಸಲಿ. ಅಂತಿಮ ಬಿಲ್ಲಿನ ವೇಳೆ ಹಳೆಯ ಮಾತು ಕೆದಕುತ್ತಾ ಕೂರುವ ವಾರಗಳ ಮುಂದೆ ದಿನದ ಹತ್ತು ನಿಮಿಷ ದೊಡ್ಡದಲ್ಲ. ವಾಟ್ಸ್‌ಆ್ಯಪ್ ಸಾಕಲ್ಲವೇ ಎನ್ನುವವರೂ ಇದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಎಲೆಕ್ಟ್ರಾನಿಕ್ ದಾಖಲೆಯನ್ನು ಒಪ್ಪುತ್ತದೆ, ಆದರೆ ಅದರ ಜೊತೆ ಪ್ರಮಾಣಪತ್ರ ಕೇಳುತ್ತದೆ. ಸಂದೇಶವಿದ್ದ ಫೋನಿನ ಸಮೇತ ನೌಕರ ಕೆಲಸ ಬಿಟ್ಟು ಹೋದರೆ ಕಚೇರಿಯ ಕೈಯಲ್ಲಿ ಏನೂ ಉಳಿಯದು. ವಾಟ್ಸ್‌ಆ್ಯಪಿನಲ್ಲಿ ಬಂದದ್ದೂ ರಿಜಿಸ್ಟರಿಗೆ ಏರಲಿ.

ಆರ್ಕಿಟೆಕ್ಟರ ಸಹಿಯನ್ನು ನಂಬಿ ಮಾಲೀಕರು ಹಣ ಬಿಡುಗಡೆ ಮಾಡುತ್ತಾರೆ, ಗುತ್ತಿಗೆದಾರರು ಸಾಲ ಮಾಡಿ ಸಿಮೆಂಟು ತರುತ್ತಾರೆ. ಆ ನಂಬಿಕೆ ಉಳಿಯಬೇಕಾದರೆ ನಕ್ಷೆಗೆ ಕೊಡುವ ಶ್ರದ್ಧೆಯನ್ನು ಈ ರಿಜಿಸ್ಟರಿಗೂ ಕೊಡಬೇಕು. ಮುಂದಿನ ಕಾಮಗಾರಿಯ ಮೊದಲ ದಿನದಿಂದಲೇ ಅದು ಶುರುವಾಗಲಿ.